ಮೈಮೇಲೆ ಬಂದಿದೆ ಅಂತ ಮನೆಯವರು ಹೆದರಿದಾಗ

ಫೋನ್ ಬರುವುದು ಹೆಚ್ಚಾಗಿ ರಾತ್ರಿ ಹತ್ತರ ಮೇಲೆ. "ಸಿಸ್ಟರ್ ಬಾಯಿ, ಸ್ವಲ್ಪ ಬರ್ತೀರಾ? ಹುಡುಗಿ ಒಂಥರಾ ಮಾಡ್ತಾ ಇದ್ದಾಳೆ." ಆಚೆಯಿಂದ ಯಾರೋ ಜೋರಾಗಿ ಜಪ ಹೇಳುವುದು ಕೇಳುತ್ತದೆ. ಯಾರೋ ಅಳುತ್ತಿರುತ್ತಾರೆ. ನಾನು ಮೊದಲು ಕೇಳುವುದು ಯಾವಾಗಲೂ ಇದನ್ನೇ: "ಅವಳು ಕೊನೇ ಸಲ ಊಟ ಮಾಡಿದ್ದು ಯಾವಾಗ? ಸರಿಯಾಗಿ ಮಲಗಿದ್ದು ಯಾವಾಗ?" ಅರ್ಧ ಜನಕ್ಕೆ ಉತ್ತರ ಗೊತ್ತಿರುವುದಿಲ್ಲ.

ನಾನು ಕಾರವಾರದವಳು. ಸರ್ಕಾರಿ ಆಸ್ಪತ್ರೆಗಳಲ್ಲಿ 33 ವರ್ಷ ನರ್ಸ್ ಆಗಿದ್ದೆ. ಈಗ ನಮ್ಮ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ಹಾಗಾಗಿ ಇಂಥ ಮನೆಗಳಿಂದ ನನಗೆ ಕರೆ ಬರುತ್ತದೆ. ಡಾಕ್ಟರ್ ಹತ್ತಿರ ಹೋಗಲು ನಾಚಿಕೆ, ಫಾದರ್ ಹತ್ತಿರ ಹೇಳಲು ಹೆದರಿಕೆ, ನಡುವೆ ನಾನು. ದೆವ್ವ ಇದೆ ಎಂದು ನಾನು ನಂಬುತ್ತೇನೆ. ಯೇಸುಸ್ವಾಮಿ ದೆವ್ವ ಬಿಡಿಸಿದ್ದು ಬರೀ ಕಥೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಆದರೆ ದೆವ್ವ ಹಿಡಿದಿದೆ ಅಂತ ನನ್ನ ಮುಂದೆ ತಂದು ಕೂರಿಸಿದವರೆಲ್ಲ ಕಾಯಿಲೆಯವರೇ ಆಗಿದ್ದರು. ಅದನ್ನೂ ಹೇಳಲೇಬೇಕು. ನಿಮ್ಮ ಮನೆಗೆ ಇಂಥ ರಾತ್ರಿ ಬಂದರೆ ಏನು ಮಾಡಬೇಕು, ಏನು ಮಾಡಲೇಬಾರದು ಅಂತ ಇಲ್ಲಿ ಬರೆದಿದ್ದೇನೆ.

ನನ್ನ ತಮ್ಮನ ವಿಷಯ

1984ರಲ್ಲಿ ನನ್ನ ತಮ್ಮನಿಗೆ 15 ವರ್ಷ. ನಾನು ನರ್ಸಿಂಗ್ ಓದುತ್ತಿದ್ದೆ, ರಜೆಗೆ ಮನೆಗೆ ಬಂದಿದ್ದೆ. ಅವನಿಗೆ ಚಿಕ್ಕಂದಿನಿಂದ ಫಿಟ್ಸ್ ಇತ್ತು. ಆ ವರ್ಷ ಅದರ ರೀತಿ ಬದಲಾಯಿತು. ಬೀಳುವ ಬದಲು ನಿಂತಲ್ಲೇ ನಿಂತು ಬಾಯಿ ಚಪ್ಪರಿಸುತ್ತಿದ್ದ, ಅಂಗಿ ಗುಂಡಿ ಎಳೆಯುತ್ತಿದ್ದ, ಸತ್ತುಹೋದ ಅಜ್ಜನ ಹತ್ತಿರ ಮಾತಾಡುತ್ತಿದ್ದ. "ಇದು ಫಿಟ್ಸ್ ಅಲ್ಲ, ಗಾಳಿ" ಎಂದರು ಓಣಿಯವರು. ಮಾಂಯ್, ಅಂದರೆ ನಮ್ಮ ತಾಯಿ, ಅವನನ್ನು ಘಟ್ಟದ ಮೇಲಿನ ಒಂದು ಪ್ರಾರ್ಥನಾ ಮನೆಗೆ ಕರೆದುಕೊಂಡು ಹೋದಳು. ನಾನೂ ಹೋದೆ.

ಅಲ್ಲಿಯ ಮುಖ್ಯಸ್ಥರು ಮೂರು ದಿನ ಉಪವಾಸ ಎಂದರು. ಮಾತ್ರೆಯನ್ನೂ ನಿಲ್ಲಿಸಿ, ದೇವರ ಮೇಲೆ ಪೂರ್ತಿ ಭಾರ ಹಾಕಿ ಎಂದರು. ನಾನು ನರ್ಸಿಂಗ್ ಎರಡನೇ ವರ್ಷದ ವಿದ್ಯಾರ್ಥಿನಿ. ಫಿಟ್ಸ್ ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ಏನಾಗುತ್ತದೆ ಅಂತ ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಆದರೂ ಸುಮ್ಮನಿದ್ದೆ. ಮೂರನೇ ರಾತ್ರಿ ಅವನ ಮೈ ಸೆಟೆದುಕೊಂಡಾಗ "ದೆವ್ವ ಹೊರಗೆ ಬರುತ್ತಿದೆ, ಗಟ್ಟಿಯಾಗಿ ಹಿಡಿಯಿರಿ" ಎಂದರು. ಅವನ ಕಾಲು ಹಿಡಿದವಳು ನಾನು. ಚಾಪೆಯ ಮೇಲೆ ಅವನ ಹಿಮ್ಮಡಿ ಒಂದೇ ಸಮ ಬಡಿಯುತ್ತಿದ್ದ ಸದ್ದು ಈಗಲೂ ಕಿವಿಯಲ್ಲಿದೆ. ಅರ್ಧ ಗಂಟೆಯಾದರೂ ನಿಲ್ಲಲಿಲ್ಲ. ತುಟಿ ನೀಲಿಯಾಯಿತು. ಆಗ ನಾನು ಕೂಗಿಕೊಂಡೆ. ಯಾರದೋ ಜೀಪಿನಲ್ಲಿ ಘಟ್ಟ ಇಳಿದು ಆಸ್ಪತ್ರೆ ಸೇರಿದೆವು.

ಜೀವ ಉಳಿಯಿತು. ಎಡಗೈ ಬೆರಳುಗಳು ಮಾತ್ರ ಮೊದಲಿನಂತೆ ಆಗಲಿಲ್ಲ. ಅವನು ಇವತ್ತಿಗೂ ಬಲೆ ಹೆಣೆಯುತ್ತಾನೆ. ಎಡಗೈಯಿಂದ ಬಲೆಯನ್ನು ಮಂಡಿಗೆ ಒತ್ತಿ ಹಿಡಿದು, ಬಲಗೈಯಲ್ಲಿ ಸೂಜಿ ಆಡಿಸುತ್ತಾನೆ.

ಮೊದಲ ಒಂದು ಗಂಟೆ

ಮೊದಲು ಕೋಣೆ ಖಾಲಿ ಮಾಡಿಸಿ. ಇಬ್ಬರು ಸಾಕು, ಅವರಲ್ಲಿ ಒಬ್ಬರು ಆ ವ್ಯಕ್ತಿಗೆ ಇಷ್ಟದವರಾಗಿರಲಿ. ಹುಡುಗಿಯಾದರೆ ಒಬ್ಬ ಹೆಂಗಸು ಇರಲೇಬೇಕು. ಓಣಿಯ ಮಕ್ಕಳು ಕಿಟಕಿಯಿಂದ ಇಣುಕುತ್ತಿದ್ದರೆ ಕಿಟಕಿ ಮುಚ್ಚಿ. ಮೊಬೈಲಿನಲ್ಲಿ ವಿಡಿಯೋ ಮಾಡುವವರನ್ನು ಹೊರಗೆ ಕಳಿಸಿ. ಡಾಕ್ಟರಿಗೆ ತೋರಿಸಲು ಬೇಕಿದ್ದರೆ ಮನೆಯವರೊಬ್ಬರು ಮಾತ್ರ ಒಂದು ನಿಮಿಷದ್ದು ತೆಗೆದಿಟ್ಟುಕೊಳ್ಳಿ, ಯಾವ ಗ್ರೂಪಿಗೂ ಹಾಕಬೇಡಿ. ಆ ಹುಡುಗಿ ನಾಳೆ ಬಸ್ ಸ್ಟ್ಯಾಂಡಿಗೆ ಹೋಗಬೇಕು, ಅಲ್ವಾ?

ಕತ್ತಿ, ಗಾಜು, ದೀಪ, ಮೇಣದ ಬತ್ತಿ ದೂರ ಇಡಿ. ಬಾವಿ ಹತ್ತಿರವಿದ್ದರೆ ಆ ಕಡೆಯ ಬಾಗಿಲಿಗೆ ಅಗುಳಿ ಹಾಕಿ.

ಮೈ ಸೆಟೆದು ನಡುಗುತ್ತಿದ್ದರೆ ಒತ್ತಿ ಹಿಡಿಯಬೇಡಿ. ಒಂದು ಮಗ್ಗುಲಿಗೆ ತಿರುಗಿಸಿ, ತಲೆಯ ಕೆಳಗೆ ಬಟ್ಟೆ ಇಡಿ, ಕುತ್ತಿಗೆಯ ಹತ್ತಿರ ಬಟ್ಟೆ ಸಡಿಲ ಮಾಡಿ. ಬಾಯಿಗೆ ಚಮಚ, ನೀರು, ತೀರ್ಥ ಏನೂ ಬೇಡ. ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿ ಅಥವಾ ಚಪ್ಪಲಿ ಹಿಡಿಯುವುದು, ಇದರಿಂದ ಏನೂ ಪ್ರಯೋಜನವಿಲ್ಲ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಮತ್ತೆ ಬಂದರೆ, 108ಕ್ಕೆ ಫೋನ್ ಮಾಡಿ. ಆ ಹೊತ್ತಿನಲ್ಲಿ ಜಪ ಮಾಡುವುದಿದ್ದರೆ ಆಂಬುಲೆನ್ಸಿನಲ್ಲಿ ಕೂತು ಮಾಡಬಹುದು. ನಾನು ಹಾಗೇ ಮಾಡುತ್ತೇನೆ.

ಕೂಗಾಡುತ್ತಿದ್ದರೆ ವಾದ ಮಾಡಬೇಡಿ. "ನೀನು ಯಾರು? ಎಲ್ಲಿಂದ ಬಂದೆ?" ಅಂತ ಕೇಳಲೇಬೇಡಿ. ಈ ಪ್ರಶ್ನೆ ಕೇಳಿಯೇ ಎಷ್ಟೋ ಮನೆಗಳಲ್ಲಿ ಒಂದು ರಾತ್ರಿಯ ಗಲಾಟೆ ಆರು ತಿಂಗಳ ದೆವ್ವವಾಗಿದೆ. ಸುತ್ತ ಇಪ್ಪತ್ತು ಜನ ನಿಂತು ಕೇಳಿದರೆ, ಕಂಗಾಲಾದ ಮನಸ್ಸು ಏನೋ ಒಂದು ಹೆಸರು ಹೇಳಿಯೇ ಹೇಳುತ್ತದೆ. ಅದು ಹೆಚ್ಚಾಗಿ ಕಳೆದ ವರ್ಷ ಬಾವಿಗೆ ಬಿದ್ದವಳ ಹೆಸರೋ, ಜಾಗದ ತಗಾದೆ ಇರುವ ಪಕ್ಕದ ಮನೆಯವರ ಹೆಸರೋ ಆಗಿರುತ್ತದೆ. ಅವಳನ್ನು ಅವಳ ಸ್ವಂತ ಹೆಸರಿನಿಂದಲೇ ಕರೆಯಿರಿ. ಮೆಲ್ಲಗೆ, ಮತ್ತೆ ಮತ್ತೆ.

ಬೆಳಗಾಗುವ ಮುಂಚೆ ಬರೆದಿಡಿ

ಒಂದು ಹಾಳೆ ತೆಗೆದುಕೊಳ್ಳಿ. ಯಾವತ್ತು ಶುರುವಾಯಿತು, ಎಷ್ಟು ಹೊತ್ತು ಇರುತ್ತದೆ, ಆಮೇಲೆ ನೆನಪಿರುತ್ತದೋ ಇಲ್ಲವೋ, ಜ್ವರ ಇತ್ತೇ, ಯಾವ ಮಾತ್ರೆ ನಡೆಯುತ್ತಿದೆ, ಯಾವುದು ನಿಂತಿದೆ. ಎಲ್ಲ ಬರೆಯಿರಿ.

ಮಾರ್ಕನ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಒಬ್ಬ ತಂದೆ ಮಗನನ್ನು ಯೇಸುವಿನ ಹತ್ತಿರ ತರುತ್ತಾನೆ. ಹುಡುಗ ನೆಲಕ್ಕೆ ಬಿದ್ದು ಹೊರಳುತ್ತಾನೆ, ನೊರೆ ಕಾರುತ್ತಾನೆ. ಆಗ ಯೇಸು ತಂದೆಯನ್ನು ಕೇಳುವುದು, ಇದು ಎಷ್ಟು ಕಾಲದಿಂದ ಹೀಗಿದೆ ಅಂತ. ವಾರ್ಡಿನಲ್ಲಿ ಪೇಷಂಟ್ ಬಂದ ತಕ್ಷಣ ನಾವು ಕೇಳುತ್ತಿದ್ದ ಪ್ರಶ್ನೆಯೇ ಅದು. ಬಾಲ್ಯದಿಂದ, ಬೆಂಕಿಗೂ ನೀರಿಗೂ ಬೀಳುತ್ತಾನೆ ಎನ್ನುತ್ತಾನೆ ತಂದೆ. ಅದನ್ನು ಓದುವಾಗೆಲ್ಲ ನನಗೆ ತಮ್ಮ ಕಾಣುತ್ತಾನೆ. ಅದೇ ಹುಡುಗನನ್ನು ಮತ್ತಾಯನ 17ನೇ ಅಧ್ಯಾಯ ಮೂರ್ಛೆರೋಗದವನು ಎನ್ನುತ್ತದೆ. ಮತ್ತಾಯನ 4ನೇ ಅಧ್ಯಾಯದಲ್ಲಿ ಯೇಸುವಿನ ಹತ್ತಿರ ಬಂದವರ ಪಟ್ಟಿ ಇದೆ: ದೆವ್ವ ಹಿಡಿದವರು, ಮೂರ್ಛೆರೋಗದವರು, ಪಾರ್ಶ್ವವಾಯು ಬಡಿದವರು. ಬೇರೆ ಬೇರೆಯಾಗಿಯೇ ಹೇಳಿದೆ. ಎಲ್ಲವನ್ನೂ ದೆವ್ವದ ಲೆಕ್ಕಕ್ಕೆ ಹಾಕು ಅಂತ ಬೈಬಲ್ ನಮಗೆ ಹೇಳಿಲ್ಲ.

ನಮ್ಮ ಕಡೆ ನಾನು ಜಾಸ್ತಿ ನೋಡಿದ್ದನ್ನು ಹೇಳುತ್ತೇನೆ, ನಿಮ್ಮ ಹಾಳೆಗೆ ಉಪಯೋಗವಾಗಬಹುದು.

ತಪಸ್ಸುಕಾಲದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನದಲ್ಲಿ, ಬರುವ ದೆವ್ವ. ವರ್ಷವಿಡೀ ದಿನಾ ಕುಡಿಯುವ ಗಂಡಸು ಅದರ ಮೊದಲ ದಿನವಾದ ಬೂದಿ ಬುಧವಾರಕ್ಕೆ ಹರಕೆ ಹೊತ್ತು ಒಮ್ಮೆಲೇ ನಿಲ್ಲಿಸುತ್ತಾನೆ. ಎರಡನೇ, ಮೂರನೇ ದಿನಕ್ಕೆ ಕೈ ನಡುಗುತ್ತದೆ, ಬೆವರುತ್ತಾನೆ, ಗೋಡೆಯ ಮೇಲೆ ಹುಳ ಹರಿಯುವುದು ಕಾಣುತ್ತದೆ, ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಎನ್ನುತ್ತಾನೆ. ಒಳ್ಳೆಯ ಕೆಲಸ ಮಾಡಲು ಹೊರಟಿದ್ದಕ್ಕೆ ಸೈತಾನ ಕಾಡುತ್ತಿದ್ದಾನೆ ಅಂತ ಮನೆಯವರು ತಿಳಿಯುತ್ತಾರೆ. ಅದು ಹೆಂಡ ಬಿಟ್ಟಿದ್ದರಿಂದ ಬರುವ ಸನ್ನಿ. ಚಿಕಿತ್ಸೆ ಇಲ್ಲದಿದ್ದರೆ ಸಾಯಬಹುದು. ಅವತ್ತೇ ಆಸ್ಪತ್ರೆಗೆ ಸೇರಿಸಬೇಕು. ಕುಡಿತ ಬಿಡಬೇಕು ಅಂತಿದ್ದರೆ ಡಾಕ್ಟರಿಗೆ ಹೇಳಿಯೇ ಬಿಡಬೇಕು.

ಬಾಣಂತಿ. ಹೆರಿಗೆಯಾದ ಮೊದಲ ಎರಡು ವಾರದಲ್ಲಿ ನಿದ್ದೆ ಹೋಗಿ, ಮಗು ನನ್ನದಲ್ಲ, ಮಗುವಿನ ಕಣ್ಣಲ್ಲಿ ಯಾರೋ ಇದ್ದಾರೆ ಎಂದರೆ ಒಂದು ದಿನವೂ ಕಾಯಬೇಡಿ. ತಾಯಿಗೂ ಮಗುವಿಗೂ ಅಪಾಯ. ಇಬ್ಬರನ್ನೂ ಒಟ್ಟಿಗೆ ಕರೆದುಕೊಂಡು ಹೋಗಿ.

ವಯಸ್ಸಾದವರು ಇದ್ದಕ್ಕಿದ್ದಂತೆ ಸತ್ತವರ ಹತ್ತಿರ ಮಾತಾಡಲು ಶುರು ಮಾಡಿದರೆ ಮೂತ್ರದ ಸೋಂಕು, ರಕ್ತದ ಸೋಡಿಯಂ, ಸಕ್ಕರೆ ನೋಡಿಸಿ. ಸಿದ್ದಾಪುರ, ಹೊನ್ನಾವರದ ಕಾಡಿನ ಕಡೆಯವರಾದರೆ, ಅದೂ ಡಿಸೆಂಬರಿನಿಂದ ಮೇ ಒಳಗೆ, ಉಣುಗು ಕಚ್ಚಿತ್ತೇ ಅಂತ ನೆನಪು ಮಾಡಿಕೊಳ್ಳಿ. ಮಂಗನ ಕಾಯಿಲೆಯಲ್ಲಿ ಜ್ವರ ಇಳಿದು ಎಲ್ಲ ಸರಿಯಾಯಿತು ಅಂದಮೇಲೆ ಕೆಲವರಿಗೆ ಮತ್ತೆ ಜ್ವರ ಬಂದು ಬುದ್ಧಿ ಕದಡುತ್ತದೆ.

ಇನ್ನೊಂದು ಕಾಯಿಲೆ ಇದೆ, ಅದನ್ನು ವೈದ್ಯರು ಗುರುತಿಸಿದ್ದೇ 2007ರಲ್ಲಿ. ದೇಹದ ರೋಗನಿರೋಧಕ ಶಕ್ತಿ ತನ್ನದೇ ಮಿದುಳಿನ ಮೇಲೆ ತಿರುಗಿಬೀಳುತ್ತದೆ. ಬರುವುದು ಜಾಸ್ತಿ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಿಗೆ. ವಾರದೊಳಗೆ ಮಾತು, ನಡೆ ಎಲ್ಲ ಬದಲಾಗುತ್ತದೆ. ಮೈ ಕೈ ತಿರುಚುತ್ತಾರೆ, ಕಣ್ಣು ನೆಟ್ಟು ಕೂರುತ್ತಾರೆ. ಬೇಗ ಗೊತ್ತಾದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. 2007ಕ್ಕಿಂತ ಮುಂಚೆ ನಮ್ಮ ವಾರ್ಡಿಗೆ ಬಂದು ಹೋದ ಒಂದಿಬ್ಬರು ಹುಡುಗಿಯರ ಮುಖ ನನಗೆ ಆಗಾಗ ನೆನಪಾಗುತ್ತದೆ.

ಇಗರ್ಜಿ ಏನು ಹೇಳುತ್ತದೆ

ಕಥೋಲಿಕ ಧರ್ಮಸಭೆ ದೆವ್ವ ಬಿಡಿಸುವ ವಿಧಿಯನ್ನು ಇಟ್ಟುಕೊಂಡಿದೆ. 1614ರ ರೋಮನ್ ವಿಧಿಗ್ರಂಥದಲ್ಲಿ ಅದಿತ್ತು. 1998ರಲ್ಲಿ ಪರಿಷ್ಕರಿಸಿದರು. ಆ ಹಳೆಯ ಪುಸ್ತಕವೇ ಗುರುಗಳಿಗೆ, ಅಂದರೆ ಫಾದರುಗಳಿಗೆ, ಮೊದಲು ಕೊಡುವ ಎಚ್ಚರಿಕೆ ಏನು ಗೊತ್ತಾ? ಒಬ್ಬರಿಗೆ ದೆವ್ವ ಹಿಡಿದಿದೆ ಅಂತ ಸುಲಭಕ್ಕೆ ನಂಬಬೇಡಿ. 400 ವರ್ಷದ ಹಿಂದೆ, ಮನೋವೈದ್ಯರು ಎನ್ನುವ ಪದವೇ ಇಲ್ಲದ ಕಾಲದಲ್ಲಿ ಬರೆದ ಮಾತು ಅದು.

ನೋಡಬೇಕಾದ ಗುರುತುಗಳನ್ನೂ ಅದು ಹೇಳುತ್ತದೆ. ತಾನು ಕಲಿಯದ ಭಾಷೆಯಲ್ಲಿ ಉದ್ದಕ್ಕೆ ಮಾತಾಡುವುದು, ದೂರದ, ಗುಟ್ಟಿನ ಸಂಗತಿ ಹೇಳುವುದು, ವಯಸ್ಸಿಗೂ ಮೈಗೂ ಮೀರಿದ ಬಲ ತೋರಿಸುವುದು. ಭಾಷೆಯ ವಿಷಯದಲ್ಲಿ ನಮ್ಮ ಕಾರವಾರದಲ್ಲಿ ವಿಶೇಷ ಎಚ್ಚರ ಬೇಕು. ಇಲ್ಲಿ ಮಗು ಕೊಂಕಣಿಯಲ್ಲಿ ಅಳುತ್ತದೆ, ಕನ್ನಡದಲ್ಲಿ ಓದುತ್ತದೆ, ಟಿವಿಯಲ್ಲಿ ಮರಾಠಿ, ಹಿಂದಿ ಕೇಳುತ್ತದೆ. ಸದಾಶಿವಗಡದ ಕಡೆಯ ಒಂದು ಮನೆಯಲ್ಲಿ "ಹುಡುಗಿ ಗಂಡಸಿನ ದನಿಯಲ್ಲಿ ಶುದ್ಧ ಮರಾಠಿ ಮಾತಾಡಿದಳು" ಅಂತ ಗಾಬರಿಯಾಗಿದ್ದರು. ಅವಳ ಅಜ್ಜಿ ದಿನಾ ಸಂಜೆ ಮರಾಠಿ ಧಾರಾವಾಹಿ ಹಾಕಿಕೊಂಡು ಕೂರುತ್ತಾರೆ, ಮೊಮ್ಮಗಳು ಪಕ್ಕದಲ್ಲೇ ಓದುತ್ತಾಳೆ. ಬಲದ ವಿಷಯವೂ ಅಷ್ಟೇ. ಸನ್ನಿಯಲ್ಲಿರುವ 45 ಕಿಲೋ ಹೆಂಗಸನ್ನು ನಾಲ್ವರು ಹಿಡಿಯಲಾಗದ್ದನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಇಂಜೆಕ್ಷನ್ ಕೊಟ್ಟ ಮೇಲೆ ಮಗುವಿನ ಹಾಗೆ ಮಲಗಿದಳು.

1983ರ ಧರ್ಮಸಭೆಯ ಕಾನೂನು ಸಂಹಿತೆಯ 1172ನೇ ನಿಯಮ ಸ್ಪಷ್ಟವಾಗಿದೆ. ಧರ್ಮಾಧ್ಯಕ್ಷರ (ಬಿಷಪ್ಪರ) ವಿಶೇಷ, ಸ್ಪಷ್ಟ ಅನುಮತಿ ಇಲ್ಲದೆ ಯಾರೂ ಈ ವಿಧಿ ನಡೆಸುವಂತಿಲ್ಲ. ಅನುಮತಿ ಕೊಡುವುದೂ ಭಕ್ತಿ, ಜ್ಞಾನ, ವಿವೇಕ, ನೇರ ನಡತೆ ಇರುವ ಗುರುವಿಗೆ ಮಾತ್ರ. ಅಂದರೆ ನಮ್ಮ ಊರಿನ ಫಾದರ್ ಕೂಡ ತಾವಾಗಿ ಮಾಡುವ ಹಾಗಿಲ್ಲ. ಕಥೋಲಿಕ ಧರ್ಮೋಪದೇಶ ಗ್ರಂಥದ 1673ನೇ ಪರಿಚ್ಛೇದ, ಇದು ಕಾಯಿಲೆಯಲ್ಲ ಅಂತ ಮೊದಲು ಖಚಿತ ಮಾಡಿಕೊಳ್ಳಬೇಕು ಎನ್ನುತ್ತದೆ. ಆದ್ದರಿಂದ ಫಾದರ್ "ಡಾಕ್ಟರ್ ಚೀಟಿ ತನ್ನಿ" ಅಂದರೆ ಅವರಿಗೆ ವಿಶ್ವಾಸ ಕಮ್ಮಿ ಅಂತ ತಿಳಿಯಬೇಡಿ. ಧರ್ಮಸಭೆ ಹೇಳಿದ್ದನ್ನೇ ಅವರು ಮಾಡುತ್ತಿದ್ದಾರೆ.

ನಮ್ಮ ಕಾರವಾರ ಧರ್ಮಪ್ರಾಂತ್ಯ ಹುಟ್ಟಿದ 1976ರಲ್ಲೇ, ಜುಲೈ 1ರಂದು, ಜರ್ಮನಿಯಲ್ಲಿ ಆನೆಲೀಸ ಮಿಶೆಲ್ ಎಂಬ 23 ವರ್ಷದ ಹುಡುಗಿ ತೀರಿಕೊಂಡಳು. ಅವಳಿಗೆ ಮೂರ್ಛೆರೋಗ ಇತ್ತು. ಧರ್ಮಾಧ್ಯಕ್ಷರ ಅನುಮತಿ ಪಡೆದೇ ಇಬ್ಬರು ಗುರುಗಳು ಹತ್ತು ತಿಂಗಳಲ್ಲಿ 67 ಸಲ ವಿಧಿ ನಡೆಸಿದರು. ಅಷ್ಟರಲ್ಲಿ ಅವಳು ಊಟ ಬಿಟ್ಟಳು. ಸಾಯುವಾಗ ತೂಕ ಸುಮಾರು 30 ಕಿಲೋ. ಅನ್ನ, ನೀರಿಲ್ಲದೆ ಸತ್ತಳು. 1978ರಲ್ಲಿ ಅವಳ ತಂದೆತಾಯಿ, ಇಬ್ಬರೂ ಗುರುಗಳು, ನಾಲ್ವರೂ ತಪ್ಪಿತಸ್ಥರು ಅಂತ ನ್ಯಾಯಾಲಯ ಹೇಳಿತು. ಅವರೆಲ್ಲ ಅವಳನ್ನು ಪ್ರೀತಿಸಿದವರೇ. ನಮ್ಮ ಮಾಂಯ್ ತಮ್ಮನನ್ನು ಪ್ರೀತಿಸಿದ ಹಾಗೆ.

ಪೆಂಟೆಕೋಸ್ಟ್ ಸಭೆಗಳಲ್ಲಿ ಈ ನಿಯಮ ಇಲ್ಲ. ನಂಬುವವರು ನನ್ನ ಹೆಸರಿನಲ್ಲಿ ದೆವ್ವ ಬಿಡಿಸುವರು ಎಂಬ ಮಾರ್ಕ 16ರ ಮಾತನ್ನು ಹಿಡಿದು ಅವರು ಪ್ರಾರ್ಥಿಸುತ್ತಾರೆ. ಅವರಲ್ಲಿ ಒಳ್ಳೆಯ ಪಾಸ್ಟರುಗಳನ್ನು ನಾನು ಕಂಡಿದ್ದೇನೆ. ಅಲ್ಲಿಗೆ ಹೋಗುವವರಿಗೂ ನನ್ನ ಮಾತು ಅದೇ: ಮಾತ್ರೆ ನಿಲ್ಲಬಾರದು, ಊಟ ನಿಲ್ಲಬಾರದು.

ಉಪವಾಸದ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಮಾರ್ಕ 9ರ ಆ ಹುಡುಗನ ಕಥೆಯ ಕೊನೆಗೆ, ಈ ಜಾತಿಯದು ಪ್ರಾರ್ಥನೆಯಿಂದ ಮಾತ್ರ ಹೋಗುತ್ತದೆ ಎಂದು ಯೇಸು ಹೇಳುತ್ತಾರೆ. ಕೆಲವು ಬೈಬಲ್‌ಗಳಲ್ಲಿ "ಉಪವಾಸ" ಎಂದೂ ಸೇರಿದೆ. ಮುಖ್ಯವಾದ ಕೆಲವು ಹಳೆಯ ಪ್ರತಿಗಳಲ್ಲಿ ಆ ಪದ ಇಲ್ಲ. ಇದೆ ಅಂತಲೇ ಇಟ್ಟುಕೊಂಡರೂ, ಯೇಸು ಅದನ್ನು ಹೇಳಿದ್ದು ಶಿಷ್ಯರಿಗೆ. ಆ ಹುಡುಗನನ್ನು ಉಪವಾಸ ಕೆಡವಿ ಅಂತ ಹೇಳಲಿಲ್ಲ. ಮಾರ್ಕನ 5ನೇ ಅಧ್ಯಾಯ ತೆಗೆಯಿರಿ. ಗೋರಿಗಳ ನಡುವೆ ಇದ್ದ ದೆವ್ವ ಹಿಡಿದವನನ್ನು ಊರವರು ಸರಪಳಿಯಲ್ಲಿ ಕಟ್ಟಿದ್ದರು. ಯೇಸು ಕಟ್ಟಲಿಲ್ಲ, ಹೊಡೆಯಲಿಲ್ಲ. ಕೊನೆಗೆ ಅವನು ಬಟ್ಟೆ ತೊಟ್ಟು, ಬುದ್ಧಿ ಸ್ಥಿಮಿತದಲ್ಲಿ ಕೂತಿದ್ದ. ಅದೇ ಅಧ್ಯಾಯದ ಕೊನೆಗೆ ಯಾಯಿರ ಎಂಬುವನ ಸತ್ತ ಮಗಳನ್ನು ಬದುಕಿಸಿ ಎಬ್ಬಿಸಿದ ಮೇಲೆ ಯೇಸು ಹೇಳಿದ್ದು, ಇವಳಿಗೆ ತಿನ್ನಲು ಏನಾದರೂ ಕೊಡಿ ಅಂತ. ನನ್ನ ಹಳೆಯ ಬೈಬಲಿನಲ್ಲಿ ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ.

ಮನೆಯಲ್ಲಿ ಪ್ರಾರ್ಥನೆ

ಪ್ರಾರ್ಥಿಸಿ, ಖಂಡಿತ ಪ್ರಾರ್ಥಿಸಿ. ಆದರೆ ದೇವರ ಹತ್ತಿರ ಮಾತಾಡಿ, ದೆವ್ವದ ಹತ್ತಿರ ಬೇಡ. "ಹೊರಗೆ ಬಾ" ಅಂತ ಅಪ್ಪಣೆ ಮಾಡುವ ವಿಧಿಯ ಪ್ರಾರ್ಥನೆಗಳನ್ನು ಮೊಬೈಲಿನಲ್ಲಿ ಹುಡುಕಿ ಓದಬೇಡಿ. ವಿಶ್ವಾಸಿಗಳು ಅವನ್ನು ಬಳಸಬಾರದು ಅಂತ ವ್ಯಾಟಿಕನ್ 1985ರಲ್ಲೇ ಪತ್ರ ಬರೆದು ಹೇಳಿದೆ. ಪ್ರೇಷಿತರ ಕಾರ್ಯಕಲಾಪಗಳ 19ನೇ ಅಧ್ಯಾಯದಲ್ಲಿ ಸ್ಕೇವ ಎಂಬುವನ ಏಳು ಮಕ್ಕಳು ಯೇಸುವಿನ ಹೆಸರನ್ನು ಮಂತ್ರದ ಹಾಗೆ ಬಳಸಲು ಹೋಗಿ ಪೆಟ್ಟು ತಿಂದು, ಬಟ್ಟೆ ಹರಿದುಕೊಂಡು ಓಡಿದರು.

ನಮ್ಮ ಮನೆಗಳಿಗೆ ಬೇಕಾದ್ದು ಇದೆಯಲ್ಲ. ಪರಲೋಕ ಮಂತ್ರದ ಕೊನೆಯ ಸಾಲೇ ಕೇಡಿನಿಂದ ರಕ್ಷಿಸಿ ಅಂತ ಕೇಳುವುದು. 91ನೇ ಕೀರ್ತನೆ ಇದೆ, ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಇದೆ. ಹದಿನೈದು ನಿಮಿಷ, ಮೆಲ್ಲನೆಯ ದನಿಯಲ್ಲಿ, ಅವಳಿಗೆ ಗೊತ್ತಿರುವ ಭಾಷೆಯಲ್ಲಿ. ಅವಳು ಬೇಡ ಅಂದರೆ ಪಕ್ಕದ ಕೋಣೆಯಲ್ಲಿ ಮಾಡಿ. ಜಪಸರ ನೋಡಿ ಕೂಗಿದಳು ಅಂತ ಬಲವಂತವಾಗಿ ಕೊರಳಿಗೆ ಹಾಕಬೇಡಿ. ಮೂರು ದಿನದಿಂದ ನಿದ್ದೆ ಇಲ್ಲದವರ ಮುಖಕ್ಕೆ ಏನು ಹಿಡಿದರೂ ಕೂಗುತ್ತಾರೆ.

ಘಾಡಿಯ ಹತ್ತಿರ ಹೋಗಿ ಬಂದಿದ್ದರೆ

ಈ ಪ್ರಶ್ನೆಯನ್ನು ನಾನು ಎಲ್ಲರೂ ಹೋದ ಮೇಲೆ, ಅಡುಗೆ ಮನೆಯಲ್ಲಿ ಕೇಳುತ್ತೇನೆ. "ಎಲ್ಲಿಯಾದರೂ ನೋಡಿಸಿದ್ರಾ?" ಹತ್ತು ಮನೆಯಲ್ಲಿ ಏಳೆಂಟು ಮನೆಯವರು ಕಣ್ಣು ಕೆಳಗೆ ಹಾಕುತ್ತಾರೆ. ಭಾನುವಾರ ಇಗರ್ಜಿಯ ಬಲಿಪೂಜೆ, ಮಂಗಳವಾರ ಘಾಡಿ, ಅಂದರೆ ಮಂತ್ರವಾದಿ. ಯಾರನ್ನೂ ಬೈಯಬೇಡಿ. ಹೆದರಿದ ತಾಯಿ ಎಲ್ಲ ಬಾಗಿಲೂ ತಟ್ಟುತ್ತಾಳೆ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನೆರೆಮನೆಯವರ ದೇವರನ್ನು ದೆವ್ವ ಎನ್ನುವವರು ನಮ್ಮಲ್ಲಿ ಕೆಲವರಿದ್ದಾರೆ. ಶಿರಸಿಯ ಮಾರಿಕಾಂಬೆ ಜಾತ್ರೆಗೆ ಹೋಗಿ ಬಂದ ಗೆಳತಿ ಪ್ರಸಾದ ಕೊಟ್ಟಿದ್ದಕ್ಕೇ ಮಗಳಿಗೆ ಹೀಗಾಯಿತು ಎಂದ ತಾಯಿಯನ್ನು ನಾನು ಅಲ್ಲೇ ತಡೆದಿದ್ದೇನೆ. ಅದು ಸುಳ್ಳು, ಪಾಪ ಕೂಡ. ನಾನು ಹೇಳುತ್ತಿರುವುದು ಬೇರೆ. ಅಂಜನ ಹಾಕಿಸುವುದು, ಕವಡೆ ಕೇಳುವುದು, ಸತ್ತವರನ್ನು ಕರೆಸುವುದು, ಇನ್ನೊಬ್ಬರಿಗೆ ಕೆಡುಕಾಗಲಿ ಅಂತ ಮಾಟ ಮಾಡಿಸುವುದು, ಇವು. ಹಾಸ್ಟೆಲಿನಲ್ಲಿ ಅಕ್ಷರದ ಹಾಳೆ ಹಾಸಿ ನಾಣ್ಯದ ಮೇಲೆ ಬೆರಳಿಟ್ಟು ಆತ್ಮ ಕರೆಯುವ ಆಟವೂ ಇದರಲ್ಲೇ ಸೇರಿತು. ಬೈಬಲಿನ ಧರ್ಮೋಪದೇಶಕಾಂಡದ 18ನೇ ಅಧ್ಯಾಯ ಇವನ್ನೆಲ್ಲ ಬೇಡ ಎನ್ನುತ್ತದೆ. ಧರ್ಮೋಪದೇಶ ಗ್ರಂಥದ 2116, 2117ನೇ ಪರಿಚ್ಛೇದಗಳು ಕೈ ನೋಡಿಸುವುದು, ಜಾತಕ, ತಾಯತ ಎಲ್ಲವನ್ನೂ ಹೆಸರು ಹಿಡಿದು ಹೇಳುತ್ತವೆ. ನಾಳೆ ಏನಾಗುತ್ತದೆ ಎಂಬುದನ್ನೂ, ಇನ್ನೊಬ್ಬರ ಬದುಕನ್ನೂ ನಮ್ಮ ಮುಷ್ಟಿಯಲ್ಲಿ ಹಿಡಿಯಬೇಕೆಂಬ ಆಸೆ ಇದರ ಹಿಂದಿದೆ ಎನ್ನುವುದು ಅವುಗಳ ಕಾರಣ.

ಅಪಾಯ ಹೇಗೆ ಬರುತ್ತದೆ ಅಂತ ಕೇಳಿದರೆ ನಾನು ಒಂದು ಚೈನಿನ ಕಥೆ ಹೇಳುತ್ತೇನೆ. ಅಂಕೋಲೆಯ ಕಡೆ ನನಗೆ ಪರಿಚಯದ ಒಂದು ಮನೆಯಲ್ಲಿ ಎರಡು ತೊಲೆಯ ಚೈನು ಕಳೆಯಿತು. ವೀಳ್ಯದೆಲೆಗೆ ಅಂಜನ ಹಚ್ಚಿ ನೋಡಿದವನು, "ಮನೆಯ ಒಳಗೆ ಓಡಾಡುವ ಹೆಂಗಸು, ಹೊರಗಿನಿಂದ ಬಂದವಳು" ಎಂದ. ಮನೆಯವರಿಗೆ ಸೊಸೆ ನೆನಪಾದಳು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವಳು ಕಪಾಟಿನ ಹತ್ತಿರ ಹೋದರೆ ಅತ್ತೆಯೂ ಹಿಂದೆ ಹೋಗುತ್ತಿದ್ದರು. ಎರಡು ತಿಂಗಳಿಗೆ ಆ ಸೊಸೆಗೆ ಮೈನಡುಕ, ಉಸಿರುಕಟ್ಟು ಶುರುವಾಯಿತು. ಆಗ ಅದೇ ಮನುಷ್ಯ ಬಂದು "ಇವಳ ಮೈಮೇಲೆ ಇದೆ" ಎಂದ. 1,100 ರೂಪಾಯಿಯಿಂದ ಶುರುವಾದದ್ದು 38,000ಕ್ಕೆ ಹೋಯಿತು. ಮಳೆಗಾಲದ ಮುಂಚೆ ಅಕ್ಕಿ ಡ್ರಮ್ ಸರಿಸಿ ಗುಡಿಸುವಾಗ ಚೈನು ಸಿಕ್ಕಿತು, ಕೊಂಡಿ ಸವೆದು ಬಿದ್ದಿತ್ತು. ಸೊಸೆ ಅಷ್ಟರಲ್ಲಿ ತವರಿಗೆ ಹೋಗಿಯಾಗಿತ್ತು. ಇದರಲ್ಲಿ ಸೈತಾನನ ಕೆಲಸ ಎಲ್ಲಿದೆ ಅಂತ ಕೇಳಿದರೆ, ಆ ವೀಳ್ಯದೆಲೆಯಲ್ಲಿ ಹೇಳಿಸಿದ ಸುಳ್ಳಿನಲ್ಲಿದೆ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಸೈತಾನ ಸುಳ್ಳಿನ ತಂದೆ ಎಂದು ಯೇಸುವೇ ಹೇಳಿದ್ದಾರೆ.

ಈಗ, ತಾಯತ, ತಗಡು, ಮಂತ್ರಿಸಿದ ನಿಂಬೆಹಣ್ಣು ಮನೆಯಲ್ಲಿದ್ದರೆ ಏನು ಮಾಡಬೇಕು? ಮೊದಲನೆಯದು, ಕಾಯಿಲೆಯವರ ಮೈಯಿಂದ ಕಿತ್ತು ತೆಗೆಯಬೇಡಿ. ಪ್ರೇಷಿತರ ಕಾರ್ಯಕಲಾಪಗಳ ಅದೇ 19ನೇ ಅಧ್ಯಾಯದಲ್ಲಿ, ಎಫೆಸ ಪಟ್ಟಣದ ಮಾಟಮಂತ್ರದವರು ತಮ್ಮ ಪುಸ್ತಕಗಳನ್ನು ತಾವೇ ತಂದು ಸುಟ್ಟರು, 50,000 ಬೆಳ್ಳಿ ನಾಣ್ಯದ ಬೆಲೆಯದ್ದು. ಯಾರೂ ಅವರ ಕೈಯಿಂದ ಕಿತ್ತುಕೊಂಡಿರಲಿಲ್ಲ. ಹಾಗೇ ಇವರೂ ಮನಸ್ಸು ಮಾಡಲಿ. ಮನಸ್ಸು ಮಾಡಿದ ದಿನ ಪಾಪನಿವೇದನೆಗೆ ಹೋಗಿ ಬಂದು, ಮನೆಯವರು ಸೇರಿ, ಜ್ಞಾನಸ್ನಾನದ ಮಾತನ್ನು ಮತ್ತೆ ಹೇಳಿ: ಸೈತಾನನನ್ನು ತ್ಯಜಿಸುತ್ತೇನೆ, ಅವನ ಕಾರ್ಯಗಳನ್ನು ತ್ಯಜಿಸುತ್ತೇನೆ. ಪಾಸ್ಖದ (ಈಸ್ಟರಿನ) ರಾತ್ರಿ ಮೇಣದ ಬತ್ತಿ ಹಿಡಿದು ನಾವೆಲ್ಲ ಹೇಳುವ ಮಾತೇ ಅದು. ಆಮೇಲೆ ದಾರ, ಹಾಳೆ ಸುಡಿ. ತಗಡನ್ನು ಹಿತ್ತಲಲ್ಲಿ ಆಳವಾಗಿ ಹೂಳಿ. ಒಳಗೆ ಏನು ಬರೆದಿದೆ ಅಂತ ಬಿಡಿಸಿ ಓದುತ್ತಾ ಕೂರಬೇಡಿ.

ಬಾವಿಗೆ ಹಾಕಬೇಡಿ. ಮೂರು ದಾರಿ ಕೂಡುವಲ್ಲಿ ಎಸೆಯಬೇಡಿ. ಪಕ್ಕದ ಮನೆಯ ಬೇಲಿ ಆಚೆ ಅಂತೂ ಬೇಡವೇ ಬೇಡ. ಬೆಳಿಗ್ಗೆ ಅವರು ಎದ್ದು ಕುಂಕುಮ ಹಚ್ಚಿದ ನಿಂಬೆಹಣ್ಣು ನೋಡಿದರೆ, ನಿಮ್ಮ ಮನೆಯ ಹೆದರಿಕೆ ಅವರ ಮನೆಗೆ ಹೋಗುತ್ತದೆ.

ತಾಯತ ಬಿಚ್ಚಿದ ಜಾಗಕ್ಕೆ ಶಿಲುಬೆಯನ್ನೋ, ವೇಲಾಂಕಣಿಯ ಪದಕವನ್ನೋ ಅದೇ ಹೆದರಿಕೆಯಲ್ಲಿ ಕಟ್ಟಬೇಡಿ. "ಇದನ್ನು ಬಿಚ್ಚಿದರೆ ಏನೋ ಆಗುತ್ತದೆ" ಅನ್ನಿಸಿದರೆ ಅದೂ ತಾಯತವೇ ಆಯಿತು.

ಯಾರ ಹತ್ತಿರ ಕರೆದುಕೊಂಡು ಹೋಗಬಾರದು

ಮಾತ್ರೆ ನಿಲ್ಲಿಸಿ ಎನ್ನುವವರ ಹತ್ತಿರ. ಹುಡುಗಿಯೊಬ್ಬಳನ್ನೇ ಒಳಗೆ ಕಳಿಸಿ ಎನ್ನುವವರ ಹತ್ತಿರ. ಇಂಥವರೇ ಮಾಟ ಮಾಡಿಸಿದ್ದು ಅಂತ ಹೆಸರು ಹೇಳುವವರ ಹತ್ತಿರ. ಇಷ್ಟು ದುಡ್ಡು ಅಂತ ಮೊದಲೇ ಹೇಳುವವರ ಹತ್ತಿರ. ಕೊರಳಲ್ಲಿ ಶಿಲುಬೆ ಇರಲಿ, ಕೈಯಲ್ಲಿ ಬೈಬಲ್ ಇರಲಿ, ಈ ನಾಲ್ಕರಲ್ಲಿ ಒಂದು ಕಂಡರೂ ಎದ್ದು ಬನ್ನಿ.

ಹೊಡೆಯುವುದು, ಸರಪಳಿ ಹಾಕುವುದು, ಮೆಣಸಿನಕಾಯಿ ಹೊಗೆ ಕೊಡುವುದು ಅಪರಾಧ. ದೆವ್ವ ಬಿಡಿಸುವ ಹೆಸರಿನಲ್ಲಿ ಇವನ್ನು ಮಾಡುವುದನ್ನು ಕರ್ನಾಟಕದ 2017ರ ಮಾಟಮಂತ್ರ ತಡೆ ಕಾಯ್ದೆ ನಿಷೇಧಿಸಿದೆ. ಅದು 2020ರಲ್ಲಿ ಜಾರಿಗೆ ಬಂತು. ಮಾನಸಿಕ ಕಾಯಿಲೆಯವರಿಗೆ ಯಾವ ರೀತಿಯಲ್ಲೂ ಸರಪಳಿ ಹಾಕಬಾರದು ಅಂತ 2017ರ ಕೇಂದ್ರದ ಮಾನಸಿಕ ಆರೋಗ್ಯ ಕಾಯ್ದೆಯೂ ಹೇಳುತ್ತದೆ.

ಹೋಗಬೇಕಾದದ್ದು ಎಲ್ಲಿಗೆ? ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆ, ಅಲ್ಲಿಂದ ಕಾರವಾರದ ಜಿಲ್ಲಾ ಆಸ್ಪತ್ರೆ. ರಾತ್ರಿ ಯಾರೂ ಸಿಗದಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಿದುಳಿನ ಸ್ಕ್ಯಾನ್, ದೊಡ್ಡ ಪರೀಕ್ಷೆ ಅಂದರೆ ನಮ್ಮವರು ಗೋವಾಕ್ಕೋ, ಮಣಿಪಾಲಕ್ಕೋ, ಹುಬ್ಬಳ್ಳಿ ಧಾರವಾಡಕ್ಕೋ ಹೋಗಬೇಕು, ಆ ಕಷ್ಟ ನನಗೆ ಗೊತ್ತು. ಹೋಗುವಾಗ ಆ ಹಾಳೆ ಮರೆಯಬೇಡಿ. ಡಾಕ್ಟರ್ ಹತ್ತಿರ "ನಮಗೆ ದೆವ್ವದ ಅನುಮಾನ ಇದೆ, ಘಾಡಿ ಔಷಧಿ ಕೊಟ್ಟಿದ್ದಾನೆ" ಅಂತ ನೇರವಾಗಿ ಹೇಳಿ. ಔಷಧಿ ಅಂತ ಕುಡಿಸಿದ್ದರಲ್ಲಿ ದತ್ತೂರಿ ಬೀಜ ಇದ್ದರೆ ಅದರಿಂದಲೇ ಸನ್ನಿ ಬರುತ್ತದೆ. ಮುಚ್ಚಿಟ್ಟರೆ ಡಾಕ್ಟರಿಗೆ ಗೊತ್ತಾಗುವುದು ಹೇಗೆ?

ಫಾದರಿಗೂ ಅದೇ ದಿನ ತಿಳಿಸಿ. ಡಾಕ್ಟರ್ ಒಂದು ಕಡೆ, ಫಾದರ್ ಒಂದು ಕಡೆ ಅಂತ ಮಾಡಬೇಡಿ. ಆಸ್ಪತ್ರೆಗೇ ಬಂದು ರೋಗಿಗಳ ಅಭ್ಯಂಗ (ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ) ಕೊಡಿ ಅಂತ ಕೇಳಬಹುದು. ಎಲ್ಲ ಪರೀಕ್ಷೆ ಮುಗಿದು, ಚಿಕಿತ್ಸೆ ನಡೆದು, ಆಮೇಲೂ ಉತ್ತರ ಸಿಗದ ಏನೋ ಉಳಿದರೆ, ಅದನ್ನು ಧರ್ಮಾಧ್ಯಕ್ಷರ ಮುಂದೆ ಇಡುವುದು ಫಾದರ್ ಕೆಲಸ. ನೀವು ಅದಕ್ಕಾಗಿ ಯಾರನ್ನೂ ಹುಡುಕಿಕೊಂಡು ಊರೂರು ಅಲೆಯಬೇಕಿಲ್ಲ.

ಆಮೇಲೆ

ಮನಸ್ಸಿನ ಕಾಯಿಲೆಯ ಮಾತ್ರೆ ಕೆಲಸ ಮಾಡಲು ಎರಡು ಮೂರು ವಾರ ಬೇಕು. ನಾಲ್ಕನೇ ದಿನಕ್ಕೆ "ಏನೂ ಆಗಲಿಲ್ಲ, ಘಾಡಿಯೇ ಸರಿ" ಎನ್ನುವ ಚಿಕ್ಕಪ್ಪ ಒಬ್ಬರು ಪ್ರತಿ ಮನೆಯಲ್ಲೂ ಇರುತ್ತಾರೆ. ಅವರಿಗೆ ಮರ್ಯಾದೆಯಿಂದ ಚಹಾ ಕೊಟ್ಟು ಕಳಿಸಿ.

ಅವಳು ಮತ್ತೆ ಇಗರ್ಜಿಗೆ ಬಂದ ದಿನ ಯಾರೂ ತಿರುಗಿ ನೋಡಬೇಡಿ. ಪಕ್ಕದಲ್ಲಿ ಜಾಗ ಬಿಟ್ಟು ಕೂರಿಸಿಕೊಳ್ಳಿ. "ಈಗ ಹೇಗಿದೆ, ಹೋಯ್ತಾ?" ಅಂತ ಕೇಳಬೇಡಿ. ಊಟ ಆಯ್ತಾ ಅಂತ ಕೇಳಿ.

ನಮ್ಮ ಮನೆಯಲ್ಲಿ ಮಾತ್ರೆ ತಪ್ಪದ ಹಾಗೆ ಮಾಂಯ್ ಒಂದು ಉಪಾಯ ಮಾಡಿದ್ದಳು. ಘಟ್ಟದಿಂದ ಇಳಿದು ಬಂದ ಆ ವರ್ಷವೇ. ಮನೆಯ ಆಲ್ತಾರಿನ (ದೇವರ ಪೀಠದ) ಮೇಲೆ, ಮರಿಯಮ್ಮನವರ ಪ್ರತಿಮೆಯ ಪಕ್ಕ, ಒಂದು ಸ್ಟೀಲ್ ಡಬ್ಬದಲ್ಲಿ ಜಪಸರಗಳ ಜೊತೆ ತಮ್ಮನ ಮಾತ್ರೆ ಇಟ್ಟಳು. ರಾತ್ರಿ ಎಂಟಕ್ಕೆ ತೇರ್ಸ್ ಮುಗಿದ ಮೇಲೆ ಜಪಸರ ಒಳಗೆ ಇಡಬೇಕು, ಮಾತ್ರೆ ಹೊರಗೆ ತೆಗೆಯಬೇಕು. ಮಾಂಯ್ ಹೋಗಿ ಒಂಬತ್ತು ವರ್ಷವಾಯಿತು. ಈಗ ಡಬ್ಬದ ಮುಚ್ಚಳ ತೆಗೆಯುವವನು ತಮ್ಮನೇ, ಬಲಗೈಯಲ್ಲಿ. ನೀರಿನ ಲೋಟ ಹಿಡಿದು ನಾನು ಪಕ್ಕದಲ್ಲಿ ನಿಂತಿರುತ್ತೇನೆ.